ಟ್ರಿನಿಡಾಡ್: ಎಲ್ಲಿಗೆ, ಯಾವ ಹೊತ್ತಿಗೆ, ಯಾವುದನ್ನು ಬಿಡಬಹುದು

ನಕ್ಷೆಯಲ್ಲಿ ನೋಡಿದರೆ ಕೆರಿಬಿಯನ್ ದ್ವೀಪ ಟ್ರಿನಿಡಾಡ್ ಚಿಕ್ಕದು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್, ಅಗಲ ಸುಮಾರು 60. ಹಾಗಾಗಿ ಹೊಸಬರು ಬೆಳಿಗ್ಗೆ ಉತ್ತರದ ಕಡಲತೀರ, ಮಧ್ಯಾಹ್ನ ದಕ್ಷಿಣದ ಡಾಂಬರು ಕೆರೆ, ಸಂಜೆ ಹಕ್ಕಿಧಾಮ ಎಂದು ಒಂದೇ ದಿನಕ್ಕೆ ಪಟ್ಟಿ ಹಾಕಿಬಿಡುತ್ತಾರೆ. ಆ ಪಟ್ಟಿ ಮಧ್ಯಾಹ್ನದ ಹೊತ್ತಿಗೇ ಕೈಕೊಡುತ್ತದೆ.

ಕಾರಣ ಎರಡು. ಒಂದು, ಇಲ್ಲಿ ನೋಡಬೇಕಾದ ಪ್ರತಿಯೊಂದಕ್ಕೂ ಅದರದೇ ಹೊತ್ತಿದೆ. ಕೆಂಪು ಐಬಿಸ್ ಹಕ್ಕಿಗಳು ಮರಕ್ಕೆ ಮರಳುವುದು ಸಂಜೆ, ಕಡಲಾಮೆ ದಡ ಹತ್ತುವುದು ರಾತ್ರಿ, ಡಾಂಬರು ಕೆರೆಯ ಮೇಲೆ ಆರಾಮವಾಗಿ ನಡೆಯಲಾಗುವುದು ಬೆಳಿಗ್ಗೆ, ಗ್ಯಾಸ್ಪರೀ ಗುಹೆಯ ಕೊಳಕ್ಕೆ ಬಿಸಿಲು ಬೀಳುವುದು ನಡುಮಧ್ಯಾಹ್ನ. ಇನ್ನೊಂದು, ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಟ್ರಾಫಿಕ್. ಬೆಳಿಗ್ಗೆ ಎಂಟೂವರೆವರೆಗೆ ಊರೊಳಗೆ ಬರುವ ರಸ್ತೆಗಳು, ಮಧ್ಯಾಹ್ನ ಮೂರರಿಂದ ಆರೂವರೆವರೆಗೆ ಹೊರಹೋಗುವ ರಸ್ತೆಗಳು ಗಿಜಿಗುಟ್ಟುತ್ತವೆ. ಆದ್ದರಿಂದ ಮೊದಲು ಹೊತ್ತು ನೋಡಿ, ಆಮೇಲೆ ದಿಕ್ಕು ನೋಡಿ. ಹೆಸರು, ಫೋಟೊ, ಪ್ರಸಿದ್ಧಿ ಕೊನೆಗೆ.

ತಿಂಗಳ ಲೆಕ್ಕ

ಜನವರಿಯಿಂದ ಮೇವರೆಗೆ ಒಣಹವೆ, ಜೂನ್‌ನಿಂದ ಡಿಸೆಂಬರ್‌ವರೆಗೆ ಮಳೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನಡುವೆ ಒಂದಿಷ್ಟು ದಿನ ಮಳೆ ಬಿಡುವು ಕೊಡುವುದೂ ಇದೆ. ಮಳೆ ಅಂದರೆ ದಿನವಿಡೀ ಹಿಡಿದುಕೊಳ್ಳುವ ಜಡಿ ಅಲ್ಲ, ಸಾಮಾನ್ಯವಾಗಿ ಒಂದೆರಡು ತಾಸು ಸುರಿದು ನಿಲ್ಲುತ್ತದೆ. ದ್ವೀಪ ಇರುವುದು ಉತ್ತರ ಅಕ್ಷಾಂಶ 10 ಮತ್ತು 11 ಡಿಗ್ರಿಗಳ ನಡುವೆ. ಚಂಡಮಾರುತಗಳು ಹೆಚ್ಚಾಗಿ ಇದರ ಉತ್ತರಕ್ಕೆ ಹಾದುಹೋಗುತ್ತವೆ. ಹಾಗಾಗಿ ಬೇರೆ ಕೆರಿಬಿಯನ್ ದ್ವೀಪಗಳಿಗೆ ಹೋಲಿಸಿದರೆ ಆಗಸ್ಟ್‌ನಲ್ಲಿ ಇಲ್ಲಿಗೆ ಬರುವುದು ಅಷ್ಟೇನೂ ಜೂಜಲ್ಲ.

ಭಾರತ ತಂಡದ ಇತ್ತೀಚಿನ ವೆಸ್ಟ್ ಇಂಡೀಸ್ ಪ್ರವಾಸಗಳು ಬಹುತೇಕ ಜೂನ್‌ನಿಂದ ಆಗಸ್ಟ್ ನಡುವೆ ನಡೆಯುವುದರಿಂದ ಕ್ರಿಕೆಟ್ ನೋಡಲು ಬರುವ ಕನ್ನಡಿಗರು ಮಳೆಗಾಲದಲ್ಲೇ ಇಳಿಯುತ್ತಾರೆ. ಅವರು ಮೊದಲು ಕೇಳಬೇಕಾದದ್ದು ಪಂದ್ಯ ಯಾವ ಮೈದಾನದಲ್ಲಿ ಎಂದು. ಕ್ವೀನ್ಸ್ ಪಾರ್ಕ್ ಓವಲ್ ಇರುವುದು ರಾಜಧಾನಿಯೊಳಗೆ. ಬ್ರಯಾನ್ ಲಾರಾ ಕ್ರೀಡಾಂಗಣ ಇರುವುದು ದಕ್ಷಿಣದಲ್ಲಿ ಸ್ಯಾನ್ ಫರ್ನಾಂಡೊ ಪಕ್ಕದ ಟರೂಬಾದಲ್ಲಿ. ಓವಲ್‌ನ ಪಂದ್ಯವಾದರೆ ಊರಿನ ಹಳೆಯ ಕಟ್ಟಡಗಳು ಕಾಲ್ನಡಿಗೆಯಲ್ಲೇ ಮುಗಿಯುತ್ತವೆ. ಟರೂಬಾದ ಪಂದ್ಯವಾದರೆ ಡಾಂಬರು ಕೆರೆ ಹತ್ತಿರ. ಓವಲ್‌ಗೆ ಹೋದವರು 1976ರ ಏಪ್ರಿಲ್ ನೆನೆಯದೆ ಬರುವುದು ಕಷ್ಟ. ನಾಲ್ಕನೇ ಇನಿಂಗ್ಸ್‌ನಲ್ಲಿ 403 ರನ್ ಬೆನ್ನಟ್ಟಿ ಭಾರತ ಗೆದ್ದದ್ದು ಇಲ್ಲೇ. ಜಿ.ಆರ್. ವಿಶ್ವನಾಥ್ 112, ಗಾವಸ್ಕರ್ 102, ಬ್ರಿಜೇಶ್ ಪಟೇಲ್ ಔಟಾಗದೆ 49. ಮೊದಲ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತವರು ಬಿ.ಎಸ್. ಚಂದ್ರಶೇಖರ್.

ಕಾರ್ನಿವಲ್ ಎಂಬ ಬೀದಿ ಮೆರವಣಿಗೆಯ ಹಬ್ಬದ ವಾರದಲ್ಲಿ (ಫೆಬ್ರವರಿ ಅಥವಾ ಮಾರ್ಚ್ ಆರಂಭ) ಕಾರ್ನಿವಲ್‌ಗೆಂದೇ ಬರುವುದಾದರೆ ಮಾತ್ರ ಬನ್ನಿ. ಹೋಟೆಲ್ ಬೆಲೆ ಏರಿರುತ್ತದೆ, ಊರಿನ ರಸ್ತೆಗಳು ಮುಚ್ಚಿರುತ್ತವೆ, ಉಳಿದ ಜಾಗಗಳನ್ನು ನೋಡುವ ಲೆಕ್ಕಾಚಾರ ತಲೆಕೆಳಗಾಗುತ್ತದೆ.

ಡಾಂಬರು ಕೆರೆ

ಒಂದೇ ಒಂದು ಜಾಗ ನೋಡಲು ಸಮಯವಿದೆ, ಪ್ರಪಂಚದಲ್ಲಿ ಬೇರೆಲ್ಲೂ ಸುಲಭವಾಗಿ ಸಿಗದ್ದು ಬೇಕು ಅನ್ನುವವರಿಗೆ ನಮ್ಮ ಉತ್ತರ ಲಾ ಬ್ರಿಯಾದ ಪಿಚ್ ಲೇಕ್. ಹಲವರು ಇದನ್ನು 'ಪಾರ್ಕಿಂಗ್ ಜಾಗದ ಥರ ಇದೆ' ಎಂದು ಹೇಳಿ ಬಿಟ್ಟುಬಿಡುತ್ತಾರೆ. ದೂರದಿಂದ ಹಾಗೇ ಕಾಣುತ್ತದೆ, ಸುಳ್ಳಲ್ಲ. ಇಳಿದು ನಡೆದರೆ ಬೇರೆಯೇ ಲೋಕ.

ಸುಮಾರು 100 ಎಕರೆ ಹರವಿನ, ನಡುವೆ 75 ಮೀಟರ್‌ನಷ್ಟು ಆಳವಿರುವ ಈ ಕೆರೆ ಪ್ರಪಂಚದ ಅತಿ ದೊಡ್ಡ ನೈಸರ್ಗಿಕ ಡಾಂಬರಿನ ನಿಕ್ಷೇಪ. ನೆಲದಾಳದ ಬಿರುಕುಗಳಿಂದ ಕಚ್ಚಾತೈಲ ಮೇಲಕ್ಕೆ ಜಿನುಗುತ್ತದೆ. ಹಗುರವಾದ ಅಂಶಗಳು ಆವಿಯಾಗಿ ಹೋಗುತ್ತವೆ. ಭಾರವಾದದ್ದು ಜೇಡಿಮಣ್ಣು, ನೀರು, ಅನಿಲಗಳ ಜೊತೆ ಬೆರೆತು ಇಲ್ಲೇ ಉಳಿಯುತ್ತದೆ. ಅದು ನಿಂತಲ್ಲೇ ನಿಂತಿಲ್ಲ, ಬಹಳ ನಿಧಾನವಾಗಿ ಮಗುಚುತ್ತಿರುತ್ತದೆ. ಅಗೆದು ತೆಗೆದ ಗುಂಡಿ ಕೆಲವೇ ದಿನಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಆಳದಲ್ಲಿ ಹೂತುಹೋಗಿದ್ದ ಹಳೆಯ ಮರದ ಬೊಡ್ಡೆಗಳು ಆಗಾಗ ಮೇಲೆ ಬರುತ್ತವೆ. ಮೇಲ್ಮೈ ಆನೆಯ ಚರ್ಮದಂತೆ ಮಡಿಕೆ ಮಡಿಕೆಯಾಗಿರುತ್ತದೆ. ಮಡಿಕೆಗಳ ಸಂದಿನಲ್ಲಿ ಮಳೆನೀರು ನಿಂತು ಹೊಂಡಗಳಾಗುತ್ತವೆ, ಗುಳ್ಳೆ ಏಳುತ್ತದೆ, ಗಂಧಕದ ವಾಸನೆ ಬರುತ್ತದೆ. ಮೆತ್ತಗಿರುವ ಕಡೆ ಗೈಡ್ ಒಂದು ಕೋಲು ಚುಚ್ಚಿ ಎತ್ತಿ ತೋರಿಸುತ್ತಾರೆ: ಕಪ್ಪು ಎಳೆ ಕಡಿಯದೆ ಜಗ್ಗುತ್ತಾ ಬರುತ್ತದೆ. 1595ರಲ್ಲಿ ವಾಲ್ಟರ್ ರಾಲಿ ತನ್ನ ಹಡಗುಗಳ ಬಿರುಕು ಮುಚ್ಚಿಕೊಂಡದ್ದು ಇದೇ ಡಾಂಬರಿನಿಂದ. 1876ರಲ್ಲಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂಗೆ ಹಾಸಿದ್ದರಲ್ಲಿ ಇಲ್ಲಿನ ಡಾಂಬರೂ ಇತ್ತು.

ಹೋಗುವುದು ಹೇಗೆ: ಪೋರ್ಟ್ ಆಫ್ ಸ್ಪೇನ್‌ನಿಂದ ಸ್ವಂತ ಅಥವಾ ಬಾಡಿಗೆ ಕಾರಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ಬೆಳಿಗ್ಗೆ ನೀವು ಊರಿಂದ ಹೊರಗೆ ಹೋಗುತ್ತಿರುತ್ತೀರಿ, ಜನ ಒಳಗೆ ಬರುತ್ತಿರುತ್ತಾರೆ. ಏಳು ಗಂಟೆಗೆ ಹೊರಟರೆ ರಸ್ತೆ ನಿಮ್ಮ ಪರವಾಗಿರುತ್ತದೆ. ಸಾರ್ವಜನಿಕ ವಾಹನದಲ್ಲಿ ಹೋಗುವವರು ಹಸಿರು ಪಟ್ಟಿಯ ಮ್ಯಾಕ್ಸಿ ಟ್ಯಾಕ್ಸಿ (ಹಲವರು ಕೂಡಿ ಹೋಗುವ ಮಿನಿಬಸ್) ಹಿಡಿದು ಸ್ಯಾನ್ ಫರ್ನಾಂಡೊಗೆ ಹೋಗಿ, ಅಲ್ಲಿಂದ ಲಾ ಬ್ರಿಯಾ ಕಡೆಯ ವಾಹನ ಬದಲಿಸಬೇಕು. ಅರ್ಧ ದಿನ ಪ್ರಯಾಣಕ್ಕೇ ಹೋಗುತ್ತದೆ.

ಎಡವಟ್ಟಾಗುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು ಗೈಡ್. ರಸ್ತೆಯಲ್ಲೇ ಕಾರಿಗೆ ಕೈ ಅಡ್ಡ ಹಾಕಿ 'ನಾನು ತೋರಿಸುತ್ತೇನೆ' ಅನ್ನುವವರ ಜೊತೆ ಹೋಗಬೇಡಿ. ಒಳಗಿನ ಸಂದರ್ಶಕರ ಕೇಂದ್ರಕ್ಕೆ ಹೋಗಿ ಬ್ಯಾಡ್ಜ್ ಇರುವ ಗೈಡನ್ನೇ ಕೇಳಿ, ಶುಲ್ಕ ಮೊದಲೇ ಖಚಿತ ಮಾಡಿಕೊಳ್ಳಿ. ಗೈಡ್ ಇಲ್ಲದೆ ಇಳಿಯುವ ಮಾತೇ ಬೇಡ. ಗಟ್ಟಿ ಮತ್ತು ಮೆತ್ತನೆಯ ಜಾಗ ನೋಡಲು ಒಂದೇ ಥರ ಇರುತ್ತವೆ, ಮೆತ್ತನೆಯ ಜಾಗ ಬದಲಾಗುತ್ತಲೂ ಇರುತ್ತದೆ. ಎರಡನೆಯದು ಚಪ್ಪಲಿ. ಹಿಮ್ಮಡಿ ಎತ್ತರದ್ದು ಸೀದಾ ಒಳಗಿಳಿಯುತ್ತದೆ. ಚಪ್ಪಟೆ ರಬ್ಬರ್ ಅಟ್ಟೆಯ ಹಳೆಯ ಜೋಡು ಸಾಕು. ಡಾಂಬರು ಅಂಟಿದರೆ ನೀರು, ಸೋಪಿನಿಂದ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ. ಮೂರನೆಯದು ಹೊತ್ತು. ಹನ್ನೊಂದರ ನಂತರ ಕೆರೆ ಕಾಯುತ್ತದೆ, ನೆರಳೆಂಬುದಿಲ್ಲ, ಮೇಲ್ಮೈಯೂ ಇನ್ನಷ್ಟು ಮೆತ್ತಗಾಗುತ್ತದೆ. ಒಂಬತ್ತಕ್ಕೆ ಅಲ್ಲಿರಿ, ಒಂದು ಗಂಟೆ ಸಾಕು. ಒಣ ತಿಂಗಳಲ್ಲಿ ಹೆಚ್ಚು ದೂರ ನಡೆಯಬಹುದು. ಮಳೆಗಾಲದಲ್ಲಿ ಹೊಂಡಗಳು ತುಂಬಿರುತ್ತವೆ, ಊರಿನವರು ಚರ್ಮಕ್ಕೆ ಒಳ್ಳೆಯದೆಂದು ಅದರಲ್ಲಿ ಸ್ನಾನವನ್ನೂ ಮಾಡುತ್ತಾರೆ.

ಇದರ ಬದಲಿಗೆ ಪ್ರಿನ್ಸಸ್ ಟೌನ್ ಬಳಿಯ ಡೆವಿಲ್ಸ್ ವುಡ್‌ಯಾರ್ಡ್ ಎಂಬ ಕೆಸರಿನ ಜ್ವಾಲಾಮುಖಿಗೆ ಹೋಗಬಹುದೇ ಎಂದು ಕೇಳುವವರಿದ್ದಾರೆ. ತಣ್ಣನೆಯ ಕೆಸರು ಗುಳುಗುಳು ಅನ್ನುವ ಸಣ್ಣ ಸಣ್ಣ ಗುಪ್ಪೆಗಳು. ಮಕ್ಕಳಿಗೆ ಖುಷಿ, ದೊಡ್ಡವರಿಗೆ ಹದಿನೈದು ನಿಮಿಷದ ನೋಟ. ಕೆರೆಯನ್ನು ಬಿಟ್ಟು ಇಲ್ಲಿಗೆ ಹೋಗುವಂಥದ್ದೇನೂ ಇಲ್ಲ.

ಮರಳುವಾಗ ಹಸಿವಾದರೆ ಸ್ಯಾನ್ ಫರ್ನಾಂಡೊ ಬಳಿಯ ದೇಬೆಗೆ ಹೋಗಿ ಬರುವುದು ಒಳ್ಳೆಯದು. ರಸ್ತೆ ಬದಿಯಲ್ಲಿ ಭಾರತೀಯ ಮೂಲದವರ ತಿಂಡಿಯಂಗಡಿಗಳ ಸಾಲಿದೆ. ಅರಿಸಿನ ಹಾಕಿದ ಮೈದಾಹಿಟ್ಟಿನ ಎರಡು ಮೆತ್ತನೆಯ ಬಾರಾ, ನಡುವೆ ಕಾಬೂಲಿ ಕಡಲೆಯ ಗೊಜ್ಜು, ಇದೇ ಡಬಲ್ಸ್. ಕೆಸುವಿನ ಎಲೆಗೆ ಬೇಳೆಹಿಟ್ಟು ಸೇರಿಸಿ ಕರಿದದ್ದು ಸಹೀನಾ. ಎರಡೂ ಶುದ್ಧ ಸಸ್ಯಾಹಾರ. 'ಸ್ಲೈಟ್ ಪೆಪ್ಪರ್' ಅಂತ ಹೇಳಿ. ಇಲ್ಲಿನ ಮೆಣಸಿನಕಾಯಿ ಬ್ಯಾಡಗಿಯಲ್ಲ, ಒಂದು ಚಮಚಕ್ಕೇ ಕಣ್ಣಲ್ಲಿ ನೀರು ತರಿಸುತ್ತದೆ.

ಜೀವಿಗಳನ್ನು ನೋಡಬೇಕೆಂದರೆ: ಕರೋನಿ, ಹಮ್ಮಿಂಗ್ ಬರ್ಡ್, ಕಡಲಾಮೆ

ಈ ಮೂರರಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ಸಿಗುವುದು ಕರೋನಿ ಜೌಗಿನಲ್ಲಿ. ರಾಜಧಾನಿಯಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ದೋಣಿಕಟ್ಟೆ ಇದೆ, ದಾರಿ ಖಾಲಿಯಿದ್ದರೆ ಅರ್ಧ ಗಂಟೆ. ದೋಣಿಗಳು ಸಾಮಾನ್ಯವಾಗಿ ಸಂಜೆ ನಾಲ್ಕಕ್ಕೆ ಹೊರಟು ಕತ್ತಲಾಗುವ ಹೊತ್ತಿಗೆ ಮರಳುತ್ತವೆ. ಮೊದಲ ಒಂದು ಗಂಟೆ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗಳಲ್ಲಿ ಸಾಗುತ್ತೀರಿ. ಕೊಂಬೆಯಲ್ಲಿ ಸುತ್ತಿಕೊಂಡು ಮಲಗಿದ ಹೆಬ್ಬಾವಿನ ಜಾತಿಯ ಹಾವು, ಬೇರುಗಳ ಮೇಲೆ ಏಡಿ, ಅದೃಷ್ಟವಿದ್ದರೆ ರೇಷ್ಮೆಗೂದಲಿನ ಪುಟ್ಟ ಇರುವೆಬಾಕ. ಕೊನೆಗೆ ದೋಣಿ ವಿಶಾಲವಾದ ನೀರಿಗೆ ಬಂದು, ಒಂದು ದ್ವೀಪದೆದುರು ದೂರದಲ್ಲಿ ಕಟ್ಟಿ ನಿಲ್ಲುತ್ತದೆ. ಸೂರ್ಯ ಇಳಿಯುತ್ತಿದ್ದಂತೆ ನಾಲ್ಕು, ಎಂಟು, ಇಪ್ಪತ್ತರ ಗುಂಪುಗಳಲ್ಲಿ ಕೆಂಪು ಐಬಿಸ್ ಹಕ್ಕಿಗಳು ಬರತೊಡಗುತ್ತವೆ. ಹಸಿರು ಮರಗಳು ನೋಡನೋಡುತ್ತಿದ್ದಂತೆ ಕೆಂಪಾಗುತ್ತವೆ. ತಿನ್ನುವ ಏಡಿ, ಸೀಗಡಿಗಳಲ್ಲಿರುವ ಕೆರೊಟಿನಾಯ್ಡ್‌ನಿಂದ ಬರುವ ಬಣ್ಣ ಇದು. ಮರಿಗಳು ಬೂದುಕಂದು. ದೇಶದ ರಾಷ್ಟ್ರಪಕ್ಷಿಯಾದರೂ ಮಾಂಸಕ್ಕೆ ಬೇಟೆಯಾಗುತ್ತಿತ್ತು. 2018ರಲ್ಲಿ ವಿಶೇಷ ರಕ್ಷಣೆಯ ಪಟ್ಟಿಗೆ ಸೇರಿಸಿ ಭಾರಿ ದಂಡ ಮತ್ತು ಜೈಲುಶಿಕ್ಷೆ ವಿಧಿಸುವ ಕಾನೂನು ಬಂತು.

ರಂಗನತಿಟ್ಟಿನ ದೋಣಿಯ ಅನುಭವ ಇಟ್ಟುಕೊಂಡು ಬಂದವರಿಗೆ ಇಲ್ಲಿ ನಿರಾಸೆಯಾಗಬಹುದು. ಅಲ್ಲಿ ಗೂಡಿನ ಹತ್ತಿರಕ್ಕೇ ಹೋಗುತ್ತೀರಿ. ಇಲ್ಲಿ ಹಕ್ಕಿಗಳು ಬೆದರದಿರಲಿ ಎಂದು ದೋಣಿಯನ್ನು ದೂರದಲ್ಲೇ ನಿಲ್ಲಿಸುತ್ತಾರೆ, ಅದು ಸರಿಯೂ ಹೌದು. ಮೊಬೈಲ್ ಕ್ಯಾಮೆರಾದಲ್ಲಿ ಸಿಗುವುದು ಕೆಂಪು ಚುಕ್ಕೆಗಳು ಮಾತ್ರ. 8 ಪಟ್ಟಿನ ಬೈನಾಕ್ಯುಲರ್ ಅಥವಾ 300 ಮಿಲಿಮೀಟರ್‌ಗಿಂತ ಉದ್ದದ ಲೆನ್ಸ್ ಇದ್ದರೆ ಬೇರೆ ಮಾತು. ಸೀಟು ಮೊದಲೇ ಕಾಯ್ದಿರಿಸಿ, ನಗರದಿಂದ ಎರಡೂಮುಕ್ಕಾಲಿಗೆ ಹೊರಡಿ. ಮೂರೂವರೆಗೆ ಹೊರಟವರು ಹೆದ್ದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ, ದೋಣಿ ಅವರಿಗಾಗಿ ಕಾಯುವುದಿಲ್ಲ. ಮಳೆ ಬಂದರೂ ದೋಣಿ ಹೋಗುವುದರಿಂದ ಕೊಡೆಗಿಂತ ರೇನ್‌ಕೋಟ್ ಅನುಕೂಲ. ಕೊಡೆ ಬಿಚ್ಚಿದರೆ ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ.

ಹಮ್ಮಿಂಗ್ ಬರ್ಡ್ ವಿಷಯದಲ್ಲಿ ಟ್ರಿನಿಡಾಡ್‌ಗೆ ದೊಡ್ಡ ಹೆಸರು. ದೇಶದ ಲಾಂಛನದಲ್ಲೇ ಎರಡು ಕುಳಿತಿವೆ. ನೋಡಲು ಎರಡು ದಾರಿ. ಅರಿಮಾ ಕಣಿವೆಯ ಆಸಾ ರೈಟ್ ನೇಚರ್ ಸೆಂಟರ್ 1967ರಲ್ಲಿ ಹಳೆಯ ಕಾಫಿ, ಕೋಕೋ ಎಸ್ಟೇಟೊಂದರಲ್ಲಿ ಶುರುವಾದದ್ದು. ಅಲ್ಲಿನ ಜಗಲಿಯಲ್ಲಿ ಕೂತೇ ಹತ್ತಾರು ಜಾತಿಯ ಹಕ್ಕಿ ನೋಡಬಹುದು, ಅಲ್ಲಿನ ಗುಹೆಯಲ್ಲಿ ಆಯಿಲ್‌ಬರ್ಡ್ ಎಂಬ ಹಣ್ಣು ತಿನ್ನುವ ನಿಶಾಚರ ಹಕ್ಕಿಗಳಿವೆ. ಆದರೆ ಗುಡ್ಡದ ತಿರುವಿನ ದಾರಿ, ಅರ್ಧ ದಿನ ಬೇಕು. ಮೊದಲೇ ವಿಚಾರಿಸಿ ಕಾಯ್ದಿರಿಸದೆ ಹೋಗಲೇಬೇಡಿ. ಇನ್ನೊಂದು ಯೆರೆಟ್. ಸೇಂಟ್ ಜೋಸೆಫ್‌ನ ಮರಕಾಸ್ ಕಣಿವೆಯ ಒಂದು ಮನೆಯ ತೋಟ, ಇಲ್ಲಿಗೂ ಮೊದಲೇ ಸಮಯ ಗೊತ್ತುಮಾಡಿಕೊಂಡೇ ಹೋಗಬೇಕು. ಸಕ್ಕರೆ ನೀರಿನ ಬಾಟಲಿಗಳ ಸುತ್ತ ಹಕ್ಕಿಗಳು ಮುಖದ ಹತ್ತಿರವೇ ಹಾರಾಡುತ್ತವೆ. ಎರಡೂಕಾಲು ಗ್ರಾಂ ತೂಗುವ ಟಫ್ಟೆಡ್ ಕೊಕೆಟ್ ಅನ್ನು ಇಷ್ಟು ಸನಿಹದಿಂದ ನೋಡುವುದು ಕಾಡಿನಲ್ಲಿ ಕಷ್ಟ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಈ ತೋಟದ ಕಡೆಗೇ ನಮ್ಮ ಒಲವು. ಕಾಡಿನ ನಡಿಗೆ ಬೇಕೆನ್ನುವವರಿಗೆ ಅರಿಮಾ.

ಟ್ಯಾಕ್ಸಿಯವರ ಜೊತೆ ಮಾತಾಡುವಾಗ ಒಂದು ಎಚ್ಚರ. ಮರಕಾಸ್ ಹೆಸರಿನ ಜಾಗ ಎರಡಿವೆ. ಮರಕಾಸ್ ಕೊಲ್ಲಿ ಇರುವುದು ಉತ್ತರ ಕರಾವಳಿಯಲ್ಲಿ. ಮರಕಾಸ್ ಕಣಿವೆ, ಅಲ್ಲಿನ 90 ಮೀಟರ್ ಎತ್ತರದ ಜಲಪಾತ ಇರುವುದು ಗುಡ್ಡದ ಈಚೆ, ಸೇಂಟ್ ಜೋಸೆಫ್ ಕಡೆ. ಒಂದರಿಂದ ಇನ್ನೊಂದಕ್ಕೆ ನೇರ ವಾಹನ ರಸ್ತೆ ಇಲ್ಲ. 'ಮರಕಾಸ್' ಎಂದಷ್ಟೇ ಹೇಳಿದರೆ ನೇರ ಬೀಚಿಗೆ ಕರೆದೊಯ್ಯುತ್ತಾರೆ.

ಕಡಲಾಮೆಯದ್ದು ಬೇರೆ ಬಗೆಯ ಆಯ್ಕೆ, ಏಕೆಂದರೆ ಅದಕ್ಕೆ ಒಂದು ರಾತ್ರಿ ಕೊಡಲೇಬೇಕು. ಪ್ರಪಂಚದ ಅತಿ ದೊಡ್ಡ ಆಮೆ ಜಾತಿಯಾದ ಲೆದರ್‌ಬ್ಯಾಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇಲ್ಲಿನ ಪೂರ್ವ ಮತ್ತು ಉತ್ತರದ ದಡಗಳಲ್ಲಿ ಮೊಟ್ಟೆಯಿಡುತ್ತದೆ. ಏಪ್ರಿಲ್‌ನಿಂದ ಜೂನ್ ಉತ್ತುಂಗ. ಮೊಟ್ಟೆ ಒಡೆಯಲು ಸುಮಾರು ಎರಡು ತಿಂಗಳು ಬೇಕು, ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಬಂದವರಿಗೆ ಮರಿಗಳು ಸಮುದ್ರಕ್ಕೆ ಓಡುವುದು ಸಿಗುವ ಸಾಧ್ಯತೆ ಹೆಚ್ಚು. ಈ ತಿಂಗಳುಗಳಲ್ಲಿ ಸಂರಕ್ಷಿತ ದಡಕ್ಕೆ ಪರವಾನಗಿ ಇಲ್ಲದೆ ಹೋಗುವಂತಿಲ್ಲ. ಗೈಡ್ ಮೂಲಕ ಹೋದರೆ ಅವರೇ ಮಾಡಿಸಿಕೊಡುತ್ತಾರೆ.

ಮತೂರಾ ಮತ್ತು ಗ್ರಾಂಡ್ ರಿವಿಯೇರ್ ಎರಡರಲ್ಲಿ ಯಾವುದು? ಮತೂರಾ ರಾಜಧಾನಿಯಿಂದ ಒಂದೂವರೆ, ಎರಡು ಗಂಟೆ. ರಾತ್ರಿ ನೋಡಿ ಅಂದೇ ಮರಳಬಹುದು. ದಡ ಉದ್ದ, ಮರಳಿನಲ್ಲಿ ಕತ್ತಲಲ್ಲೇ ಸಾಕಷ್ಟು ನಡೆಯಬೇಕಾಗಬಹುದು. ಗ್ರಾಂಡ್ ರಿವಿಯೇರ್ ಎರಡೂವರೆಯಿಂದ ಮೂರು ಗಂಟೆ, ಕೊನೆಯ ಭಾಗ ಬರೀ ತಿರುವುಗಳು, ವಾಂತಿಯಾಗುವವರು ಮಾತ್ರೆ ತೆಗೆದುಕೊಂಡೇ ಹೊರಡಿ. ಆದರೆ ದಡ ಚಿಕ್ಕದು, ಆಮೆಗಳ ದಟ್ಟಣೆ ಹೆಚ್ಚು, ವಸತಿಗೃಹಗಳು ಮರಳಿಗೇ ಅಂಟಿಕೊಂಡಿವೆ. ಬೆಳಗಿನ ಜಾವಕ್ಕೆ ಎದ್ದರೆ ತಡವಾಗಿ ಬಂದ ಆಮೆಗಳು ಇನ್ನೂ ದಡದಲ್ಲಿರುತ್ತವೆ. ಹಗಲ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯುವ ಅವಕಾಶ ಆಗ ಮಾತ್ರ. ಅದೇ ಬೆಳಿಗ್ಗೆ ಹತ್ತಿರದ ಗುಡ್ಡದಲ್ಲಿ ಪಾವೀ ಎಂಬ ಹಕ್ಕಿಯನ್ನೂ ಹುಡುಕಬಹುದು. ಅದು ಟ್ರಿನಿಡಾಡ್ ಬಿಟ್ಟು ಬೇರೆಲ್ಲೂ ಇಲ್ಲ, ಅಳಿವಿನ ಅಂಚಿನಲ್ಲಿದೆ. ಒಂದು ರಾತ್ರಿ ಉಳಿಯಲು ಸಾಧ್ಯವಾದರೆ ಗ್ರಾಂಡ್ ರಿವಿಯೇರ್, ಇಲ್ಲವಾದರೆ ಮತೂರಾ. ಎಲ್ಲಿಯಾದರೂ ಸರಿ, ಬಿಳಿ ಟಾರ್ಚ್ ಹಚ್ಚಬೇಡಿ. ಆಮೆ ಮೊಟ್ಟೆಯಿಡದೆ ತಿರುಗಿ ಹೋಗುತ್ತದೆ, ಮರಿಗಳು ಬೆಳಕನ್ನೇ ಸಮುದ್ರವೆಂದು ತಿಳಿದು ದಾರಿ ತಪ್ಪುತ್ತವೆ. ಆಮೆ ಮೊಟ್ಟೆಯಿಡಲು ಶುರುಮಾಡಿದ ಮೇಲೆ ಅದಕ್ಕೆ ಸುತ್ತಲಿನ ಪರಿವೆ ಕಡಿಮೆ. ಗೈಡ್ ಹೇಳಿದ ಮೇಲಷ್ಟೇ ಹಿಂಬದಿಯಿಂದ ಹತ್ತಿರ ಹೋಗಿ.

ಇತಿಹಾಸ: ಯಾರ ಇತಿಹಾಸ ನೋಡಬೇಕು?

1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯ ಕರಾರು ಕೂಲಿಗಳನ್ನು ಇಲ್ಲಿಗೆ ತಂದಿತು. 1917ರವರೆಗೆ ಹೀಗೆ ಬಂದವರು 1.4 ಲಕ್ಷಕ್ಕೂ ಹೆಚ್ಚು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯಿಂದ ಕಲ್ಕತ್ತೆಯಲ್ಲಿ ಹಡಗು ಹತ್ತಿದವರು. ಮದ್ರಾಸಿನಲ್ಲಿ ಹತ್ತಿದವರೂ ಇದ್ದರು. ಭಾರತದಿಂದ ಬರುವ ಓದುಗರಿಗೆ ಈ ಎಳೆಯೇ ಮೊದಲು ಎನ್ನುವುದು ನಮ್ಮ ಅಭಿಪ್ರಾಯ. ಬ್ರಿಟಿಷ್ ಕೋಟೆಗಳು ಕೆರಿಬಿಯನ್‌ನ ಹಲವು ದ್ವೀಪಗಳಲ್ಲಿವೆ. ವಾಟರ್ಲೂನಲ್ಲಿರುವಂಥದ್ದು ಬೇರೆಲ್ಲೂ ಇಲ್ಲ.

ವಾಟರ್ಲೂ ಎಂಬ ಊರಿನ ಕಡಲಲ್ಲಿ ಒಂದು ಚಿಕ್ಕ ದೇವಸ್ಥಾನವಿದೆ. ಶಿವದಾಸ್ ಸಾಧು ಎಂಬ ಕಬ್ಬಿನ ಗದ್ದೆಯ ಕೂಲಿ 1947ರಲ್ಲಿ ದಡದ ಮೇಲೆ ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದ್ದು. ಕೆಡವಲು ಹೇಳಿದರು, ಅವರು ಒಪ್ಪಲಿಲ್ಲ. ಅವರನ್ನು 14 ದಿನ ಜೈಲಿಗೆ ಹಾಕಿ, ಗುಡಿಯನ್ನು ನೆಲಸಮ ಮಾಡಿದರು. ಹೊರಬಂದವರು ಯಾರ ಒಡೆತನವೂ ಇಲ್ಲದ ಸಮುದ್ರದಲ್ಲೇ ಕಟ್ಟುತ್ತೇನೆಂದು ಹೊರಟರು. ಸೈಕಲ್ಲಿನ ಹ್ಯಾಂಡಲ್‌ಗೆ ಬಕೆಟ್ ತೂಗುಹಾಕಿಕೊಂಡು, ಇಳಿತದ ಹೊತ್ತಿಗೆ ಕೆಸರಿನಲ್ಲಿ ಕಲ್ಲುಮಣ್ಣು, ಸಿಮೆಂಟ್ ಸಾಗಿಸಿ, ಸುಮಾರು 25 ವರ್ಷ ಹೆಚ್ಚುಕಡಿಮೆ ಒಬ್ಬರೇ ಕಟ್ಟಿದರು. ಅಲೆಗೆ ಶಿಥಿಲವಾದ ಆ ಗುಡಿಯನ್ನು 1995ರಲ್ಲಿ, ಭಾರತೀಯರು ಬಂದು 150 ವರ್ಷವಾದ ಸಂದರ್ಭದಲ್ಲಿ, ಸರ್ಕಾರದ ನೆರವಿನಿಂದ ಪುನಃ ಕಟ್ಟಲಾಯಿತು. ಈಗ ದಡದಿಂದ ಕಾಲುದಾರಿ ಇದೆ. ಭರತ ಇರುವಾಗ ಹೋಗಿ. ಇಳಿತದಲ್ಲಿ ಸುತ್ತ ಬರೀ ಕೆಸರು, ನೀರಿನ ನಡುವಿನ ಗುಡಿ ಎಂಬ ಭಾವವೇ ಬರುವುದಿಲ್ಲ. ಆ ದಿನದ ಭರತದ ಸಮಯ ಮೊಬೈಲಿನಲ್ಲಿ ನೋಡಿಕೊಂಡು ಹೊರಡಿ. ಬಿದಿರಿನ ಗಳುಗಳಿಗೆ ಕಟ್ಟಿದ ಬಣ್ಣದ ಬಾವುಟಗಳು ಪೂಜೆಯ ನಂತರ ನೆಟ್ಟ ಝಂಡಿಗಳು, ಮುಟ್ಟಬೇಡಿ. ಪಕ್ಕದ ದಡದಲ್ಲೇ ಚಿತೆಗಳ ಜಾಗವಿದೆ. ಶವಸಂಸ್ಕಾರ ನಡೆಯುತ್ತಿದ್ದರೆ ಕ್ಯಾಮೆರಾ ಒಳಗಿಡಿ.

ಅಲ್ಲಿಂದ ಕೆಲವೇ ನಿಮಿಷದ ದಾರಿ ಇಂಡಿಯನ್ ಕೆರಿಬಿಯನ್ ಮ್ಯೂಸಿಯಂ. ಕೂಲಿಗಳು ಬಳಸಿದ ಪಾತ್ರೆ, ಒಡವೆ, ವಾದ್ಯ, ಅಡುಗೆಮನೆಯ ಸಾಮಾನು ಇವೆಲ್ಲ ಇವೆ. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ಫೋನ್ ಮಾಡಿ ಹೋಗಿ. ಹತ್ತಿರದ ಕರಾಪಿಚೈಮಾದಲ್ಲಿ 85 ಅಡಿಯ ಹನುಮಂತನ ಮೂರ್ತಿ ಇದೆ. ಕನ್ನಡಿಗರಿಗೆ ಇಲ್ಲಿ ಊರಿನ ನಂಟೂ ಸಿಗುತ್ತದೆ: 2003ರಲ್ಲಿ ಪ್ರತಿಷ್ಠಾಪನೆಯಾದ ಈ ಮೂರ್ತಿ, ಪಕ್ಕದ ದ್ರಾವಿಡ ಶೈಲಿಯ ದತ್ತಾತ್ರೇಯ ಮಂದಿರ ಎರಡೂ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪರಂಪರೆಗೆ ಸೇರಿದವು. ಮೂರೂ ಜಾಗ ಸೇರಿ ಎರಡೂವರೆ ಗಂಟೆ ಸಾಕು. ಚಪ್ಪಲಿ ಬಿಟ್ಟು ಬಿಸಿ ನೆಲದ ಮೇಲೆ ನಡೆಯಬೇಕಾಗುವುದರಿಂದ ಸಾಕ್ಸ್ ಇಟ್ಟುಕೊಳ್ಳಿ.

ಇದೇ ಇತಿಹಾಸದ ಇನ್ನೊಂದು ಕೊನೆ ನೆಲ್ಸನ್ ದ್ವೀಪ. 1866ರ ನಂತರ ಬಂದ ಕೂಲಿಗಳನ್ನು ಮೊದಲು ಇಳಿಸಿ, ತಪಾಸಣೆ ಮಾಡಿ, ಎಸ್ಟೇಟುಗಳಿಗೆ ಹಂಚುತ್ತಿದ್ದದ್ದು ಇಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಮಿಕ ನಾಯಕ ಯುರಾಯ ಬಟ್ಲರ್ ಅವರನ್ನು ಸೆರೆಯಲ್ಲಿಟ್ಟದ್ದೂ ಇಲ್ಲೇ. ವಾಟರ್ಲೂಗಿಂತ ಮನಸ್ಸಿಗೆ ಹೆಚ್ಚು ತಟ್ಟುವ ಜಾಗ, ಆದರೆ ನಿಮಗೆ ಬೇಕಾದ ದಿನ ಹೋಗಲಾಗುವುದಿಲ್ಲ. ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಗೊತ್ತುಮಾಡಿದ ದಿನಗಳಲ್ಲಿ ದೋಣಿ ಹೊರಡುತ್ತದೆ. ಪ್ರವಾಸದ ದಿನಾಂಕ ನಿಗದಿ ಮಾಡುವ ಮೊದಲೇ ಅವರಿಗೆ ಮಿಂಚಂಚೆ ಕಳಿಸಿ. ಒಂದು ದಿನ ಹೊಂದಿದರೆ ಉಳಿದದ್ದನ್ನು ಅದರ ಸುತ್ತ ಜೋಡಿಸಿ.

ವಸಾಹತುಕಾಲದ್ದು ಬೇಕೆಂದರೆ ಊರೊಳಗೇ ಇದೆ. ಕ್ವೀನ್ಸ್ ಪಾರ್ಕ್ ಸವಾನಾ ಎಂಬ ದೊಡ್ಡ ಮೈದಾನದ ಪಶ್ಚಿಮ ಅಂಚಿನಲ್ಲಿ 'ಮ್ಯಾಗ್ನಿಫಿಸೆಂಟ್ ಸೆವೆನ್' ಎಂದು ಕರೆಯುವ ಏಳು ಭವ್ಯ ಕಟ್ಟಡಗಳು ಸಾಲಾಗಿವೆ, ಎಲ್ಲವೂ ಇಪ್ಪತ್ತನೇ ಶತಮಾನದ ಮೊದಲ ದಶಕದವು. ಹೆಚ್ಚಿನವನ್ನು ಹೊರಗಿನಿಂದಲೇ ನೋಡಬೇಕು. ಅವು ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ನೇರ ಮುಂಭಾಗಕ್ಕೆ ಬೀಳುತ್ತದೆ. ಸಂಜೆ ಹೋದರೆ ಸೂರ್ಯ ಕಟ್ಟಡದ ಹಿಂದೆ. ಬೆಳಿಗ್ಗೆ ಒಂದು ಗಂಟೆ ನಡೆದರೆ ಮುಗಿಯಿತು.

ಊರ ಮೇಲಿನ ಬೆಟ್ಟದಲ್ಲಿ, 335 ಮೀಟರ್ ಎತ್ತರದಲ್ಲಿ, 1804ರ ಫೋರ್ಟ್ ಜಾರ್ಜ್ ಇದೆ. ಈ ಕೋಟೆ ಯುದ್ಧವನ್ನೇ ಕಾಣಲಿಲ್ಲ. ಅಲ್ಲಿ ಗಮನ ಕೊಟ್ಟು ನೋಡಬೇಕಾದದ್ದು ಮರದ ಚಿಕ್ಕ ಸಿಗ್ನಲ್ ಮನೆ. 1883ರ ಆ ಕಟ್ಟಡದ ವಿನ್ಯಾಸ ಮಾಡಿದವರು ಅಶಾಂತಿ ರಾಜನ ಮಗ ಕೋಫಿ ನಟೀ. ಪಶ್ಚಿಮ ಆಫ್ರಿಕಾದ ರಾಜಕುಮಾರನೊಬ್ಬನ ಕೈಯ ಗುರುತು ಬ್ರಿಟಿಷ್ ಕೋಟೆಯ ನಡುವೆ ಉಳಿದಿರುವುದನ್ನು ಹಲವರು ಗಮನಿಸದೆ ಕೊಲ್ಲಿಯ ಫೋಟೊ ತೆಗೆದುಕೊಂಡು ಇಳಿಯುತ್ತಾರೆ. ರಸ್ತೆ ಕಡಿದು, ಇಕ್ಕಟ್ಟು. ನಡೆದು ಹೋಗಬೇಡಿ, ಒಬ್ಬರೇ ಹೋಗಬೇಡಿ, ಕತ್ತಲಾಗುವ ಮುನ್ನ ಇಳಿದುಬಿಡಿ. ಅಪರಾಧದ ಸಮಸ್ಯೆ ಈ ದೇಶದಲ್ಲಿ ನಿಜವಾಗಿಯೂ ಇದೆ. ನಿರ್ಜನ ಜಾಗಗಳಿಗೆ, ಮರಕಾಸ್ ಜಲಪಾತದ ಕಾಡುದಾರಿಗೂ ಸೇರಿ, ಈ ಮಾತು ಅನ್ವಯ. ಸಮಯ ಕಡಿಮೆಯಿದ್ದರೆ ಕೋಟೆ ಬಿಟ್ಟು ಸವಾನಾ ಆರಿಸಿಕೊಳ್ಳಿ.

ಬೀಚು ಮತ್ತು ಗುಹೆ

ಮರಕಾಸ್ ಕೊಲ್ಲಿ ಸುಂದರ, ರಾಜಧಾನಿಯಿಂದ 45 ನಿಮಿಷ, ದಾರಿಯಲ್ಲಿನ ನೋಟ ಇನ್ನೂ ಸುಂದರ. ಅಲೆಯ ಸೆಳೆತ ಜೋರು. ಜೀವರಕ್ಷಕರು ನೆಟ್ಟ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಭಾನುವಾರ ಜನಜಂಗುಳಿ. ಗ್ಯಾಸ್ಪರೀ ಗುಹೆಗೆ ಷಗರಾಮಸ್‌ನಿಂದ ದೋಣಿಯಲ್ಲಿ ಕಾಲು ಗಂಟೆ, ಆಮೇಲೆ ಏರುದಾರಿ ನಡಿಗೆ, ಆಮೇಲೆ ಮೆಟ್ಟಿಲು. ಮಂಡಿನೋವು ಇರುವವರಿಗೆ ಆಗದು. ಗುಹೆಯ ನೀಲಿ ಕೊಳ ಹೊಳೆಯುವುದು ಸೂರ್ಯ ನೆತ್ತಿಗೆ ಬಂದಾಗ, ಹನ್ನೊಂದೂವರೆಗೆ ಒಳಗಿರುವಂತೆ ದೋಣಿ ಗೊತ್ತುಮಾಡಿ. ಮೋಡದ ದಿನವಾದರೆ ಈ ಯೋಜನೆ ಕೈಬಿಟ್ಟು ಬೀಚಿಗೆ ಹೋಗುವುದೇ ಮೇಲು.

ಇದೇ ದೇಶದ ಇನ್ನೊಂದು ದ್ವೀಪ ಟೊಬೇಗೊವನ್ನೂ ಸೇರಿಸಬೇಕೇ? ವಿಮಾನದಲ್ಲಿ 25 ನಿಮಿಷವಾದರೂ ಕನಿಷ್ಠ ಎರಡು ರಾತ್ರಿ ಬೇಕು. 1776ರಿಂದ ಕಾನೂನಿನ ರಕ್ಷಣೆಯಲ್ಲಿರುವ ಮೇನ್ ರಿಜ್ ಕಾಡು, ಬಕೂ ಹವಳದ ದಿಬ್ಬ ಅಲ್ಲಿನ ಆಕರ್ಷಣೆ. ಒಟ್ಟು ಪ್ರವಾಸ ಐದು ದಿನಕ್ಕಿಂತ ಕಡಿಮೆಯಿದ್ದರೆ ಬೇಡ.

ದಿನಗಳ ಜೋಡಣೆ

ಒಂದೇ ದಿನ: ಬೆಳಿಗ್ಗೆ ಹತ್ತಕ್ಕೆ ಹೊರಟು ಹನುಮಂತ, ಮ್ಯೂಸಿಯಂ, ವಾಟರ್ಲೂ, ಚಗ್ವಾನಸ್ ಪಟ್ಟಣದಲ್ಲಿ ರೊಟ್ಟಿ ಊಟ, ಮೂರೂವರೆಗೆ ಕರೋನಿ. ಎಲ್ಲವೂ ಒಂದೇ ಹೆದ್ದಾರಿಯ ಆಸುಪಾಸಿನಲ್ಲಿವೆ, ಮೂರು ಗಂಟೆಗೆ ನೀವು ನಗರದ ಹೊರಗೇ ಇರುತ್ತೀರಿ. ನಮ್ಮ ಲೆಕ್ಕದಲ್ಲಿ ಈ ದ್ವೀಪದ ಅತ್ಯುತ್ತಮ ಒಂದು ದಿನ ಇದೇ. ಖಾಸಗಿ ಕಾರು ಇದ್ದು, ಏಳಕ್ಕೇ ಹೊರಡಬಲ್ಲವರು ಮೊದಲು ಡಾಂಬರು ಕೆರೆಗೆ ಹೋಗಿ ಉತ್ತರಕ್ಕೆ ಮರಳುತ್ತಾ ಇದೇ ಸರಣಿ ಮುಗಿಸಬಹುದು. ಆಗ ಮ್ಯೂಸಿಯಂ ಬಿಡಬೇಕಾಗುತ್ತದೆ, ದೇಬೆಯನ್ನೂ.

ಮೂರು ದಿನ: ಮೇಲಿನದು ಒಂದು ದಿನ. ಕೆರೆ ಮತ್ತು ದೇಬೆ ಒಂದು ದಿನ. ಮೂರನೆಯ ದಿನ ಬೆಳಿಗ್ಗೆ ಸವಾನಾ, ನಂತರ ಗುಹೆ ಅಥವಾ ಮರಕಾಸ್ ಕೊಲ್ಲಿ. ಮಾರ್ಚ್‌ನಿಂದ ಆಗಸ್ಟ್ ಆಗಿದ್ದರೆ ಮೂರನೆಯ ದಿನವನ್ನು ಆಮೆಗಳಿಗೆ ಕೊಡಿ, ಬೀಚು ಬಿಡಿ. ಉತ್ತರ ಕರಾವಳಿ ಮತ್ತು ದಕ್ಷಿಣದ ಕೆರೆಯನ್ನು ಮಾತ್ರ ಯಾವ ಕಾರಣಕ್ಕೂ ಒಂದೇ ದಿನಕ್ಕೆ ಹಾಕಬೇಡಿ.

ವಾಹನದ ಬಗ್ಗೆ: ಇಲ್ಲೂ ಎಡಬದಿಯ ಚಾಲನೆ, ನಮ್ಮವರಿಗೆ ಕಷ್ಟವಿಲ್ಲ. ಅಧಿಕೃತ ಟ್ಯಾಕ್ಸಿ, ಮ್ಯಾಕ್ಸಿಗಳ ನಂಬರ್ ಪ್ಲೇಟ್ 'ಎಚ್' ಅಕ್ಷರದಿಂದ ಶುರುವಾಗುತ್ತದೆ. 'ಪಿ' ಇದ್ದರೆ ಖಾಸಗಿ ಕಾರು, ಅದರಲ್ಲಿ ಬಾಡಿಗೆಗೆ ಹತ್ತಬೇಡಿ.

ಹೊರಡುವ ಮೊದಲು

ಹಳದಿಜ್ವರದ ಲಸಿಕೆ ಮರೆತರೆ ತೊಂದರೆಯಾಗುವುದು ಅಲ್ಲಿ ಅಲ್ಲ, ಊರಿಗೆ ಮರಳಿದಾಗ. ಭಾರತ ಸರ್ಕಾರದ ಹಳದಿಜ್ವರದ ದೇಶಗಳ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಸರ್ಟಿಫಿಕೇಟ್ ಇಲ್ಲದೆ ಅಲ್ಲಿಂದ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಅಲ್ಲಿ ಪ್ರತಿದಿನ ಕೊಡುವುದಿಲ್ಲ, ಮೊದಲೇ ಹೆಸರು ನೋಂದಾಯಿಸಿ. 60 ದಾಟಿದವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಅಮೆರಿಕದ ಮೂಲಕ ಹೋಗುವ ಟಿಕೆಟ್ ಅಗ್ಗವೆಂದು ಕಂಡರೂ ಬರೀ ವಿಮಾನ ಬದಲಿಸಲಿಕ್ಕೂ ಆ ದೇಶದ ವೀಸಾ ಬೇಕೆಂಬುದು ನೆನಪಿರಲಿ.

ಇನ್ನು ಸೂಟ್‌ಕೇಸ್. ಸೈನಿಕರ ಸಮವಸ್ತ್ರದಂಥ ಮಚ್ಚೆ ಬಟ್ಟೆ ಈ ದೇಶದಲ್ಲಿ ಸಾರ್ವಜನಿಕರಿಗೆ ನಿಷಿದ್ಧ. ಮಕ್ಕಳ ಟೀ ಶರ್ಟ್, ಟೋಪಿ, ಬ್ಯಾಗು ಕೂಡ ಇದರಲ್ಲಿ ಸೇರುತ್ತವೆ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳಬಹುದು. ಹಕ್ಕಿ ನೋಡಲೆಂದು ಅಂಥ ಜಾಕೆಟ್ ಇಟ್ಟುಕೊಂಡಿದ್ದರೆ ಮನೆಯಲ್ಲೇ ಬಿಟ್ಟು, ಸಾದಾ ಹಸಿರು ಅಥವಾ ಕಂದು ಬಣ್ಣದ್ದನ್ನು ತನ್ನಿ.